ಹೊರರಾಜ್ಯದ ಲಾರಿ ಲೈಸೆನ್ಸ್ ಊರಿಗೆ ಬಂದದ್ದು

ನಮ್ಮದು ವಿಜಯಪುರ ಜಿಲ್ಲೆಯ ಒಣಬೇಸಾಯ. ತೊಗರಿ, ಹಿಂಗಾರಿ ಬಿಳಿಜೋಳ, ಒಂದಿಷ್ಟು ಕಡಲೆ. ಮಳೆ ಕೈಕೊಟ್ಟ ವರ್ಷ ಮನೆಯ ಒಬ್ಬರಾದರೂ ಹೊರಗೆ ದುಡಿಯಲೇಬೇಕು. ನನ್ನ ಹಿರೇ ಮಗ ಹಾಗೇ ಮಹಾರಾಷ್ಟ್ರಕ್ಕೆ ಹೋದವ. ಮೊದಲು ಲಾರಿಯಲ್ಲಿ ಕ್ಲೀನರ್, ಆಮೇಲೆ ಡ್ರೈವರ್. 2012ರಲ್ಲಿ ಅಲ್ಲೇ ಸಣ್ಣ ಗಾಡಿ ಲೈಸೆನ್ಸ್ ತೆಗೆಸಿದ, 2014ರ ನವೆಂಬರಿನಲ್ಲಿ ಅದಕ್ಕೆ ಲಾರಿ ಸೇರಿಸಿದ. 2025ರ ಯುಗಾದಿಗೆ ಊರಿಗೆ ಬಂದವ ತಿರುಗಿ ಹೋಗಲಿಲ್ಲ. ಮಕ್ಕಳು ಶಾಲೆಗೆ ಬಂದಿದ್ದವು, ನನಗೂ ಮೊದಲಿನ ಕಸುವು ಇಲ್ಲ.

ಹತ್ತಿರದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಲಾರಿ ಮಾಲೀಕರೊಬ್ಬರನ್ನು ಕೆಲಸ ಕೇಳಿದೆವು. ಅವರು ಕಾರ್ಡು ತಿರುವಿ ನೋಡಿ, "ಇದು ಮಹಾರಾಷ್ಟ್ರದ್ದು ಐತಲ್ರೀ, ನಮಗ ಕರ್ನಾಟಕದ ಲೈಸೆನ್ಸ್ ಬೇಕು" ಅಂದುಬಿಟ್ಟರು. ಅಲ್ಲಿಂದ ನಮ್ಮ ಓಡಾಟ ಶುರು. ನಮ್ಮ ಕಡೆ ಮನೆಗೊಬ್ಬ ಡ್ರೈವರ್ ಇರುವ ಊರು ಬೇಕಾದಷ್ಟಿವೆ. ಅವರಿಗೆ ಉಪಯೋಗ ಆದೀತು ಅಂತ ಬರೆಯುತ್ತಿದ್ದೇನೆ.

ಮೊದಲು ಒಬ್ಬ ಏಜೆಂಟನ ಹತ್ತಿರ ಹೋದೆವು. ಅವನ ಸಲಹೆ ಬಹಳ ಸರಳ ಇತ್ತು: "ಕಾಕಾ, ಹಳೇದು ಪೆಟ್ಟಿಗ್ಯಾಗ ಇಟ್ಟುಬಿಡ್ರಿ. ಇಲ್ಲೇ ಹೊಸಾದು ಮಾಡಸೂಣು. ಆರು ಸಾವಿರ ಕೊಡ್ರಿ." ಮಗ ಒಪ್ಪುವ ಹಾಗೇ ಇದ್ದ. ನನಗೆ ಮಾತ್ರ ಯಾಕೋ ಸರಿಬರಲಿಲ್ಲ. ಪರಿಚಯದ ವಕೀಲರೊಬ್ಬರು ಪುಸ್ತಕ ತೆಗೆದು ತೋರಿಸಿದರು. 1988ರ ಮೋಟಾರು ವಾಹನ ಕಾಯ್ದೆಯ 6ನೇ ಕಲಮಿನ ಪ್ರಕಾರ ಒಬ್ಬ ಮನುಷ್ಯನ ಹತ್ತಿರ ಚಾಲ್ತಿಯಲ್ಲಿರುವ ಎರಡು ಲೈಸೆನ್ಸ್ ಇರುವ ಹಾಗಿಲ್ಲ. ಹಳೇದನ್ನು ಮುಚ್ಚಿಟ್ಟು ಹೊಸದು ತೆಗೆಸಿದರೆ ಅದು ತಪ್ಪು. ಅಲ್ಲದೆ ಹೊಸದು ಅಂದರೆ ಎಲ್ಲ ಮೊದಲಿನಿಂದ: ಕಲಿಕೆ ಲೈಸೆನ್ಸ್, ಸಣ್ಣ ಗಾಡಿ ಲೈಸೆನ್ಸ್, ಅದಾಗಿ ಒಂದು ವರ್ಷ ಕಳೆದ ಮೇಲೆ ಲಾರಿಗೆ ಅರ್ಜಿ. ಹನ್ನೊಂದು ವರ್ಷ ಲಾರಿ ಹೊಡೆದವ ಒಂದು ವರ್ಷ ಮನೆಯಲ್ಲಿ ಕೂರಬೇಕಿತ್ತು. ಆರು ಸಾವಿರ ಬೇರೆ.

ಅದೇ ವಕೀಲರು ಇನ್ನೊಂದು ಕಲಮು ಓದಿದರು, 13ನೆಯದು. ಭಾರತದ ಯಾವ ಮೂಲೆಯಲ್ಲಿ ಕೊಟ್ಟ ಲೈಸೆನ್ಸ್ ಆದರೂ ಇಡೀ ದೇಶಕ್ಕೆ ನಡೆಯುತ್ತದೆ. ಅಂದರೆ ಲಾರಿ ಮಾಲೀಕರು ಕೇಳಿದ್ದಕ್ಕೆ ಕಾನೂನಿನ ಆಧಾರವೇ ಇರಲಿಲ್ಲ! ಜನ ಗಾಡಿಯ ನಿಯಮವನ್ನೂ ಲೈಸೆನ್ಸಿನ ನಿಯಮವನ್ನೂ ಕಲಸಿಬಿಡುತ್ತಾರೆ. ಹೊರರಾಜ್ಯದ ಗಾಡಿಯನ್ನು ನಮ್ಮಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ನಂಬರು ತೆಗೆದುಕೊಳ್ಳಲೇಬೇಕು. ಅದಕ್ಕೆ 28ನೇ ನಮೂನೆಯಲ್ಲಿ ಎನ್ಒಸಿ ತರಬೇಕು. ಅದು ಗಾಡಿಗೆ. ಡ್ರೈವರನಿಗೆ ಅಂಥ ಕಟ್ಟಳೆ ಇಲ್ಲ.

ಹಾಗಾದರೆ ನಾವು ಯಾಕೆ ಬದಲಾಯಿಸಿದೆವು ಅಂತ ನೀವು ಕೇಳಬಹುದು. ಕಾರಣ ಕಾರ್ಡಿನ ಮೇಲಿನ ತಾರೀಖು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೆಚ್ಚು ಜನ ಎಡವುವುದು ಇಲ್ಲೇ.

ಲಾರಿ ಡ್ರೈವರನ ಕಾರ್ಡಿನಲ್ಲಿ ಎರಡು ಮುಕ್ತಾಯದ ತಾರೀಖು ಇರುತ್ತವೆ. ಒಂದು ಸ್ವಂತದ ಗಾಡಿಗೆ, ಇನ್ನೊಂದು ಸಾರಿಗೆ ಗಾಡಿಗೆ, ಅಂದರೆ ಬಾಡಿಗೆಗೆ ಮಾಲು ಅಥವಾ ಜನ ಸಾಗಿಸುವ ಗಾಡಿಗೆ. ನನ್ನ ಮಗನ ಕಾರ್ಡಿನಲ್ಲಿ ಮೊದಲಿನದು 2032 ಅಂತಿತ್ತು. ಅವನು ಅದನ್ನೇ ನೋಡಿ ನಿಶ್ಚಿಂತೆಯಿಂದ ಇದ್ದ. ಕೆಳಗಿನ ತಾರೀಖು 2025ರ ನವೆಂಬರ್! ಸಾರಿಗೆ ಲೈಸೆನ್ಸಿಗೆ ಮೊದಲು ಮೂರು ವರ್ಷದ ಆಯುಷ್ಯ ಇತ್ತು, 2019ರ ತಿದ್ದುಪಡಿಯಲ್ಲಿ ಅದು ಐದು ವರ್ಷ ಆಯಿತು. ಅವನು 2017ರಲ್ಲೂ 2020ರಲ್ಲೂ ಅಲ್ಲೇ ರಿನೀವಲ್ ಮಾಡಿಸಿದ್ದ. ಈಗ ಮತ್ತೆ ಸರದಿ ಬಂದಿತ್ತು.

ಅದೇ ತಿದ್ದುಪಡಿ ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಂಡಿತು. ಮೊದಲು ಅವಧಿ ಮುಗಿದ ಮೇಲೂ ಮೂವತ್ತು ದಿನ ಲೈಸೆನ್ಸ್ ಚಾಲ್ತಿಯಲ್ಲಿ ಇರುತ್ತಿತ್ತು. ಈಗ ಆ ರಿಯಾಯಿತಿ ಇಲ್ಲ. ರಿನೀವಲ್ ಅರ್ಜಿಯನ್ನು ಮುಗಿಯುವ ಒಂದು ವರ್ಷ ಮೊದಲಿನಿಂದ ಮುಗಿದು ಒಂದು ವರ್ಷದ ತನಕ ಕೊಡಬಹುದು ನಿಜ. ಆದರೆ ಮುಗಿದ ದಿನದಿಂದ ರಿನೀವಲ್ ಆಗುವ ದಿನದ ತನಕ ಗಾಡಿ ಮುಟ್ಟುವ ಹಾಗಿಲ್ಲ. ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕು. ನಡುವೆ ಅಪಘಾತ ಆಯಿತು ಅನ್ನಿ. ಸತ್ತವರ ಮನೆಯವರಿಗೆ ವಿಮಾ ಕಂಪನಿ ಹಣ ಕೊಟ್ಟರೂ, ಲೈಸೆನ್ಸ್ ಸರಿ ಇರಲಿಲ್ಲ ಅಂತ ಅದನ್ನು ಗಾಡಿ ಮಾಲೀಕನಿಂದ ವಸೂಲಿ ಮಾಡಲು ಕೋರ್ಟು ಹೇಳಬಹುದು. ಸ್ವಂತ ಗಾಡಿ ಇಟ್ಟ ಸಣ್ಣ ರೈತನಿಗೆ ವಸೂಲಿ ಅಂದರೆ ಹೊಲವೇ.

ರಿನೀವಲ್ ಯಾವ ಕಚೇರಿಯಲ್ಲಿ ಬೇಕಾದರೂ ಆಗುತ್ತದೆ ಅಂತ ಕಾಯ್ದೆ ಹೇಳುತ್ತದೆ. ಆದರೆ ಇಲ್ಲಿ ಮಾಡಿಸುವುದಾದರೆ ವಿಳಾಸವೂ ಇಲ್ಲಿನದೇ ಆಗಿರಲಿ ಅನ್ನಿಸಿತು. ಹೋದ ಮನೆಯ ವಿಳಾಸಕ್ಕೆ ಬಂದ ಅಂಚೆ ಯಾರು ತಂದುಕೊಡುತ್ತಾರೆ?

ಕಂಪ್ಯೂಟರ್ ಅಂಗಡಿಯ ಹುಡುಗ ಸರಕಾರದ 'ಸಾರಥಿ' ಅನ್ನುವ ವ್ಯವಸ್ಥೆ ತೆರೆದ. ರಾಜ್ಯ ಕೇಳಿದಲ್ಲಿ ಈಗ ಇರುವ ರಾಜ್ಯ, ಕರ್ನಾಟಕ ಅಂತ ಒತ್ತಬೇಕು. ಆಮೇಲೆ ಲೈಸೆನ್ಸ್ ನಂಬರು, ಹುಟ್ಟಿದ ತಾರೀಖು. ನಂಬರಿನ ಮೊದಲ ಅಕ್ಷರ ರಾಜ್ಯದ್ದು, ಮುಂದಿನ ಎರಡಂಕಿ ಕಚೇರಿಯದು. ಎಂಎಚ್ 12 ಅಂದರೆ ಪುಣೆ, ಕೆಎ 28 ಅಂದರೆ ವಿಜಯಪುರ, ಹೀಗೆ. ನಂತರ ನಾಲ್ಕಂಕಿ ಇಸವಿ, ಉಳಿದ ಏಳಂಕಿ ಕ್ರಮಸಂಖ್ಯೆ. ವಿಳಾಸ ಬದಲಾವಣೆ, ರಿನೀವಲ್ ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಿದೆವು. ಕೇಂದ್ರದ ನಿಯಮದಲ್ಲಿ ಒಂದೊಂದಕ್ಕೂ 200 ರೂಪಾಯಿ, ಕಾರ್ಡಿಗೆ 200. ಸಾರಿಗೆ ಲೈಸೆನ್ಸಿಗೆ ವಯಸ್ಸು ಎಷ್ಟೇ ಇರಲಿ ಡಾಕ್ಟರ ಸರ್ಟಿಫಿಕೇಟ್ ಬೇಕೇ ಬೇಕು, ಅದು 1ಎ ನಮೂನೆ. ಕಣ್ಣು ತೋರಿಸದೆ ಸಹಿ ಹಾಕಿಸಿಕೊಡುವವರು ಇದ್ದಾರೆ. ನಾವು ತೋರಿಸಿಯೇ ಬರೆಸಿದೆವು, ರಾತ್ರಿ ಲಾರಿ ಹೊಡೆಯುವವನ ಕಣ್ಣಿನ ಮಾತು.

ಕೊಟ್ಟ ದಿನ ಕಚೇರಿಗೆ ಹೋದಾಗ ತೊಡಕಾದದ್ದು ನನ್ನ ಹೆಸರಿನಿಂದ. ಮಗನ ಲೈಸೆನ್ಸಿನಲ್ಲಿ ತಂದೆಯ ಹೆಸರಿಗೆ 'ಅಪ್ಪ' ಇಲ್ಲ. ಅವರ ಕಡೆ ರೂಢಿಯಂತೆ ಮೊಟಕು ಮಾಡಿ ಬರೆದಿದ್ದಾರೆ. ಆಧಾರಿನಲ್ಲಿ 'ಅಪ್ಪ' ಇದೆ, ಅಡ್ಡಹೆಸರಿನ ಕಾಗುಣಿತವೂ ಬೇರೆ. ಗುಮಾಸ್ತರು, "ಇಬ್ಬರೂ ಒಬ್ಬರೇ ಅನ್ನೂದಕ್ಕ ಏನ್ ಆಧಾರ? ಕೊಟ್ಟ ಕಚೇರಿಯಿಂದ ದಾಖಲೆ ತರ್ರಿ" ಅಂದರು. ನಾನೇ ಎದುರಿಗೆ ನಿಂತಿದ್ದೆ. ಆದರೆ ಕಾಗದದ ಮುಂದೆ ಮನುಷ್ಯನಿಗೆ ಏನು ಬೆಲೆ?

ಅದು ಸೆಪ್ಟೆಂಬರ್ ಕೊನೆ, ಜೋಳ ಬಿತ್ತುವ ಹದ. ಹೊಲ ನನ್ನ ಪಾಲಿಗೆ ಬಿಟ್ಟು ಮಗ ಮಹಾರಾಷ್ಟ್ರಕ್ಕೆ ಹೋದ. ಒಂದು ಸಲ ಹೋದಾಗ ಸಂಬಂಧಪಟ್ಟವರು ರಜೆ. ಎರಡನೇ ಸಲ ಲೈಸೆನ್ಸಿನ ದಾಖಲೆಯ ಮುದ್ರಿತ ಪ್ರತಿ ಸಹಿ, ಸಿಕ್ಕಾ ಸಮೇತ ಸಿಕ್ಕಿತು. ಇಲ್ಲಿ ನಾನು ಅಫಿಡವಿಟ್ ಮಾಡಿಸಿದೆ, ಅವನ ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡೂ ಇಟ್ಟೆವು. ಆಗ ಅರ್ಜಿ ಮುಂದೆ ಹೋಯಿತು. ಬಸ್ಸು, ಊಟ, ಜೆರಾಕ್ಸ್, ಅಫಿಡವಿಟ್ ಎಲ್ಲ ಸೇರಿ ಸರಕಾರದ ಫೀಗಿಂತ ಮೂರು ಪಟ್ಟು ಖರ್ಚು. ಬಿತ್ತನೆ ಒಂದು ವಾರ ತಡವಾಯಿತು.

ಆದ್ದರಿಂದ ದುಡಿಯಲು ಹೋದ ಊರನ್ನು ಬಿಡುವ ಮೊದಲೇ ಕಾರ್ಡು, ಆಧಾರು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿರಿ. ವ್ಯತ್ಯಾಸ ಇದ್ದರೆ ಅಲ್ಲಿರುವಾಗಲೇ ತಿದ್ದಿಸಿರಿ. ನನ್ನ ಬೀಗರೊಬ್ಬರದು ಇನ್ನೂ ಹಳೇ ಪುಸ್ತಕದ ಲೈಸೆನ್ಸ್, ಕೈಯಲ್ಲಿ ಬರೆದದ್ದು. ಅದರ ನಂಬರು ಕಂಪ್ಯೂಟರಿನಲ್ಲಿ ಸಿಗುವುದೇ ಇಲ್ಲ. ಅಂಥದ್ದನ್ನು ಮೊದಲು ಕೊಟ್ಟ ಕಚೇರಿಯವರೇ ಕಂಪ್ಯೂಟರಿಗೆ ಏರಿಸಬೇಕು, ಆಮೇಲೆ ಮುಂದಿನ ಮಾತು.

ಇನ್ನೊಂದು ವಿಷಯ. ಎಲ್ಲರಿಗೂ ಈ ಸಾರಿಗೆ ಲೈಸೆನ್ಸ್ ಬೇಕಾಗಿಲ್ಲ. ಲೋಡು ಸೇರಿ ಒಟ್ಟು ತೂಕ 7500 ಕಿಲೋ ಮೀರದ ಮಾಲಿನ ಗಾಡಿಯನ್ನು ಸಣ್ಣ ಗಾಡಿ ಲೈಸೆನ್ಸಿನಲ್ಲೇ ನಡೆಸಬಹುದು ಅಂತ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತ್ತು. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ತರಕಾರಿ ಒಯ್ಯುವ ಸಣ್ಣ ಟೆಂಪೋದವರು ಇದನ್ನು ತಿಳಿದಿರಲಿ. ಹತ್ತು ಗಾಲಿಯ ಲಾರಿಗೆ ಮಾತ್ರ ಅದು ಸಾಲದು. ಮತ್ತೆ, ಎಂಟನೇ ತರಗತಿ ಪಾಸಾಗದವರಿಗೆ ಸಾರಿಗೆ ಲೈಸೆನ್ಸ್ ಇಲ್ಲ ಅನ್ನುವ ನಿಯಮವನ್ನು 2019ರಲ್ಲಿ ತೆಗೆದುಹಾಕಿದ್ದಾರೆ. ಏಳಕ್ಕೇ ಶಾಲೆ ಬಿಟ್ಟ ನನ್ನಂಥವರಿಗೂ ಈಗ ಬಾಗಿಲು ತೆರೆದಿದೆ. ನನಗೆ ಆ ಆಸೆ ಇಲ್ಲ, ಎತ್ತಿನ ಗಾಡಿ ಸಾಕು.

ಮಗನ ಕಾರ್ಡು ಅವಧಿ ಮುಗಿಯುವ ಒಂಬತ್ತು ದಿನ ಮೊದಲು ಅಂಚೆಯಲ್ಲಿ ಬಂತು. ವಿಳಾಸ ನಮ್ಮ ಊರಿನದು, ಸಾರಿಗೆಯ ತಾರೀಖು 2030. ಆದರೆ ನಂಬರು ಹಳೇದೇ, ಎಂಎಚ್ ಅಂತಲೇ ಶುರು! ಲಾರಿ ಮಾಲೀಕರು ನೋಡಿ ಮತ್ತೆ ರಾಗ ಎಳೆದರು. ಈ ಸಲ 13ನೇ ಕಲಮಿನ ಜೆರಾಕ್ಸ್ ನನ್ನ ಕಿಸೆಯಲ್ಲೇ ಇತ್ತು. ಅವರು ಓದಿ, ಅದನ್ನು ಮಡಚಿ ತಮ್ಮ ಕಿಸೆಗೇ ಇಟ್ಟುಕೊಂಡರು. ಮಗ ಮರುದಿನದಿಂದ ಕಬ್ಬಿನ ಲೋಡಿಗೆ ಹೋಗುತ್ತಿದ್ದಾನೆ.