ಆ ಮಗುವಿನ ಕೈಗೆ ದುಡ್ಡು ಕೊಡಬೇಕಿತ್ತೇ?

ಪ್ರಶ್ನೆ: ಮನೆಮಂದಿಯೆಲ್ಲ ಕಾಂಬೋಡಿಯಾದ ಅಂಕೋರ್‌ ವಾಟ್‌ಗೆ ಹೋಗಿದ್ದೆವು. ದೇವಾಲಯದ ಹೊರಗೆ ಏಳೆಂಟು ವರ್ಷದ ಹುಡುಗಿಯೊಬ್ಬಳು ಪೋಸ್ಟ್‌ಕಾರ್ಡ್ ಕಟ್ಟು ಹಿಡಿದು ‘ವನ್ ಡಾಲರ್, ವನ್ ಡಾಲರ್’ ಎನ್ನುತ್ತ ನಮ್ಮ ಹಿಂದೆಯೇ ಬಂದಳು. ಗೈಡ್ ಬೇಡ ಎಂದದ್ದಕ್ಕೆ ಕೊಳ್ಳಲಿಲ್ಲ. ಊರಿಗೆ ಬಂದರೂ ಅವಳ ಮುಖ ಮರೆಯಲಾಗುತ್ತಿಲ್ಲ. ನಾವು ಮಾಡಿದ್ದು ಸರಿಯೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕೊಳ್ಳದಿದ್ದದ್ದು ಸರಿ. ನಿಮ್ಮ ಮನಸ್ಸು ನೊಂದದ್ದೂ ಸಹಜವೇ. ಅಲ್ಲಿ ಒಂದು ಡಾಲರೆಂದರೆ ಸುಮಾರು 4,000 ರಿಯೆಲ್. ದಿನಕ್ಕೆ ನಾಲ್ಕೈದು ಡಾಲರ್ ತರುವ ಮಗಳನ್ನು ಶಾಲೆಗೆ ಕಳಿಸಲು ಬಡ ತಾಯಿಗೆ ಧೈರ್ಯ ಬರುವುದು ಕಷ್ಟ. ಆದರೆ ಪ್ರವಾಸಿಗರ ಮರುಕ ಚಿಕ್ಕ ಮಕ್ಕಳಿಗಷ್ಟೇ ಸಿಗುತ್ತದೆ. ಹುಡುಗಿ ಬೆಳೆದು ನಿಂತಾಗ ವ್ಯಾಪಾರವೂ ಇಲ್ಲ, ಓದೂ ಇಲ್ಲ. ಅಂಕೋರ್ ನೋಡಿಕೊಳ್ಳುವ ಅಪ್ಸರಾ ಪ್ರಾಧಿಕಾರವೇ ಮಕ್ಕಳಿಂದ ಏನನ್ನೂ ಕೊಳ್ಳಬೇಡಿ, ಹಣ, ಮಿಠಾಯಿ ಕೊಡಬೇಡಿ ಎಂದು 2015ರಿಂದ ಪ್ರವಾಸಿಗರನ್ನು ಕೇಳಿಕೊಳ್ಳುತ್ತಿದೆ.

ಹಾಗೆಂದು ಕೈ ಬಿಗಿಹಿಡಿಯಬೇಕಿಲ್ಲ. ದೊಡ್ಡವರ ದುಡಿಮೆಗೆ ಧಾರಾಳವಾಗಿ ಕೊಡಿ. ತಾ ಪ್ರೋಮ್‌ನಂಥ ದೇವಾಲಯಗಳ ದಾರಿಯಲ್ಲಿ ಮರದಡಿ ಕೂತು ವಾದ್ಯ ನುಡಿಸುವವರನ್ನು ನೀವು ಕಂಡಿರಬಹುದು. ನೆಲಬಾಂಬ್ ಸಿಡಿದು ಕಾಲೋ ಕಣ್ಣೋ ಕಳೆದುಕೊಂಡವರು ಅವರು. ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಣ ಆ ದೇಶವನ್ನು ಆಳಿದ್ದು 1975ರಿಂದ 1979ರವರೆಗೆ. ಆಮೇಲೂ ಎರಡು ದಶಕ ಯುದ್ಧ ಮುಂದುವರಿದು ನೆಲದ ತುಂಬ ಬಾಂಬ್ ಹೂಳಲಾಯಿತು. ಈ ವಾದಕರು ಬೇಡುತ್ತಿಲ್ಲ, ತಮ್ಮ ಸಂಗೀತ ಕೇಳಿಸುತ್ತಿದ್ದಾರೆ. ಹತ್ತು ನಿಮಿಷ ಕೂತು ಕೇಳಿ, ಆಮೇಲೆ ಹಣ ಹಾಕಿ. ತುಕ್‌ತುಕ್ ಓಡಿಸುವವನೊಂದಿಗೆ ಕೊನೆಯ ಒಂದು ಡಾಲರಿಗೆ ಜಗ್ಗಾಡಬೇಡಿ. ಆ ಹುಡುಗಿಯ ಅಪ್ಪನೂ ಅದನ್ನೇ ಓಡಿಸುತ್ತಿರಬಹುದು, ಅವನ ಬಾಡಿಗೆ ಸರಿಯಾಗಿ ಸಿಕ್ಕರೆ ಮಗಳು ಪೋಸ್ಟ್‌ಕಾರ್ಡ್ ಮಾರಬೇಕಾಗಿಲ್ಲ.

ಪ್ರಶ್ನೆ: ಅಂಕೋರ್ ಪಕ್ಕದ ಸೀಮ್ ರೀಪ್ ಪಟ್ಟಣದಲ್ಲಿ ರಾತ್ರಿ ಹಸುಗೂಸನ್ನೆತ್ತಿಕೊಂಡ ಹೆಂಗಸೊಬ್ಬಳು ‘ದುಡ್ಡು ಬೇಡ, ಹಾಲಿನ ಪುಡಿ ಕೊಡಿಸಿ’ ಎಂದಳು. ದೊಡ್ಡ ಡಬ್ಬಿಯನ್ನೇ ಕೊಡಿಸಿದೆ. ಹೋಟೆಲಿನವರು ಅದು ಮೋಸ ಎಂದರು. ಹೌದೇ?
– ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ಉತ್ತರ: ಬಹಳ ಸಲ ಹೌದು. ಡಬ್ಬಿ ಅದೇ ಅಂಗಡಿಗೆ ವಾಪಸ್ ಹೋಗುತ್ತದೆ, ಹಣ ಹಂಚಿಕೆಯಾಗುತ್ತದೆ. ಆದರೂ ಆಕೆಯನ್ನು ಕಳ್ಳಿ ಎನ್ನಲು ನನಗೆ ಮನಸ್ಸು ಬಾರದು. ನಡುರಾತ್ರಿ ಕೂಸನ್ನು ಹೊತ್ತು ಬೀದಿಯಲ್ಲಿ ನಿಂತವಳು ಉಳ್ಳವಳಲ್ಲ. ಮುಂದಿನ ಸಲ ಡಬ್ಬಿ ಕೊಡಿಸಬೇಡಿ, ಗದರಲೂ ಬೇಡಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ರಜೆಯಲ್ಲಿ ಗೆಳೆಯರ ಜತೆ ಕಾಂಬೋಡಿಯಾದ ಅನಾಥಾಶ್ರಮವೊಂದರಲ್ಲಿ ಎರಡು ವಾರ ಮಕ್ಕಳಿಗೆ ಪಾಠ ಹೇಳಿಕೊಡುವ ಆಸೆ. ಸಲಹೆ ಕೊಡಿ.
– ಓದುಗ, ಮೈಸೂರು

ಉತ್ತರ: ನಿಮ್ಮ ಆಸೆ ದೊಡ್ಡದು, ಆದರೆ ದಯವಿಟ್ಟು ಹೋಗಬೇಡಿ. 2005ರಿಂದ 2010ರ ನಡುವೆ ಆ ದೇಶದಲ್ಲಿ ಇಂಥ ಆಶ್ರಮಗಳ ಸಂಖ್ಯೆ ಶೇ 75ರಷ್ಟು ಏರಿತು. ಆ ಹೊತ್ತಿಗೆ ಅಲ್ಲಿ ಯುದ್ಧ ಮುಗಿದು ವರ್ಷಗಳಾಗಿದ್ದವು! ಒಳಗಿದ್ದ ಮಕ್ಕಳಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲಿಗೆ ಅಪ್ಪನೋ ಅಮ್ಮನೋ ಬದುಕಿದ್ದರು. ಪ್ರವಾಸಿಗರ ದೇಣಿಗೆ ಹರಿದುಬಂದಂತೆ ಬಡವರ ಮನೆಯ ಮಕ್ಕಳು ಆಶ್ರಮ ಸೇರಿದರು. ಎರಡು ವಾರ ಅಣ್ಣನಂತೆ ಆಡಿಸಿ ಹೊರಟುಹೋಗುವವರು ಬರುತ್ತಲೇ ಇದ್ದರೆ ಮಗು ಯಾರನ್ನು ನಂಬಬೇಕು? ಮಕ್ಕಳು ಪ್ರವಾಸಿ ತಾಣಗಳಲ್ಲ ಎಂದು ರಾಜಧಾನಿ ನೋಮ್ ಪೆನ್‌ನ ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ 2011ರಿಂದ ಹೇಳುತ್ತ ಬಂದಿದೆ.

ನಿಮ್ಮ ವಯಸ್ಸಿನವರು ಮಾಡಬಹುದಾದದ್ದು ಬೇರೆಯೇ ಇದೆ. ಸೀಮ್ ರೀಪ್‌ನಿಂದ ಅಂಕೋರ್‌ಗೆ ಹೋಗುವ ರಸ್ತೆಯಲ್ಲೇ ಹಿಂದಿನ ಖ್ಮೇರ್ ರಾಜ ಏಳನೆಯ ಜಯವರ್ಮನ್ ಹೆಸರಿನ ಮಕ್ಕಳ ಆಸ್ಪತ್ರೆಯಿದೆ. ಕಾಂತಾ ಬೋಫಾ ಆಸ್ಪತ್ರೆಗಳನ್ನು ಕಟ್ಟಿ ಬೆಳೆಸಿದ ಸ್ವಿಸ್ ವೈದ್ಯ ಬೀಟ್ ರಿಚ್ನರ್ 1999ರಲ್ಲಿ ಅದನ್ನು ತೆರೆದರು. ಚಿಕಿತ್ಸೆ ಪೂರ್ತಿ ಉಚಿತ. ಶನಿವಾರದ ಸಂಜೆಗಳಲ್ಲಿ ಅವರೇ ಚೆಲ್ಲೊ ನುಡಿಸಿ, ಕೇಳಲು ಬಂದ ಪ್ರವಾಸಿಗರಲ್ಲಿ ಹಿರಿಯರಿಂದ ಹಣವನ್ನೂ ಕಿರಿಯರಿಂದ ರಕ್ತವನ್ನೂ ಬೇಡುತ್ತಿದ್ದರು. 2018ರಲ್ಲಿ ಅವರು ತೀರಿಕೊಂಡರು, ಆಸ್ಪತ್ರೆ ನಡೆಯುತ್ತಿದೆ. ಅಂಕೋರ್‌ನ 37 ಡಾಲರ್ ಟಿಕೆಟ್ಟಿನಲ್ಲಿ 2 ಡಾಲರ್ ಅದಕ್ಕೇ ಸೇರುತ್ತದೆ. ಹೋದಾಗ ಗೆಳೆಯರೆಲ್ಲ ಅಲ್ಲಿ ಇಳಿದು, ರಕ್ತ ಬೇಕೇ ಎಂದು ವಿಚಾರಿಸಿ, ಕೊಟ್ಟು ಬನ್ನಿ.