ಬೀಗ ಸರಿಯಾಗೇ ಕೆಲಸ ಮಾಡಿತ್ತು

2001ರ ಸೆಪ್ಟೆಂಬರ್ 11ರ ದಾಳಿ ಆದ ಮೇಲೆ ವಿಮಾನಗಳ ಕಾಕ್‌ಪಿಟ್ ಬಾಗಿಲನ್ನು ಗುಂಡಿಗೂ ಜಗ್ಗದ ಹಾಗೆ ಗಟ್ಟಿ ಮಾಡಿದರು. ಅಪಾಯ ಬಂದರೆ ಹೊರಗಿನಿಂದಲೇ ಬರುತ್ತೆ ಅನ್ನೋದು ಆ ಡಿಸೈನಿನ ಊಹೆ.

ಏರ್‌ಬಸ್ ಎ320ರ ಬಾಗಿಲನ್ನೇ ನೋಡಿ. ಹೊರಗೆ ಕೀಪ್ಯಾಡ್, ಒಳಗೆ ಮೂರು ಸ್ಥಾನದ ಒಂದು ಸ್ವಿಚ್. ಹೊರಗಿನವರು ಕೀಪ್ಯಾಡ್ ಒತ್ತಿದರೆ ಒಳಗೆ ಬಜರ್ ಆಗುತ್ತೆ, ಪೈಲಟ್ ಬಾಗಿಲು ತೆಗೀತಾರೆ. ಒಳಗಿದ್ದವರು ಪ್ರಜ್ಞೆ ತಪ್ಪಿದ್ದರೆ? ಅದಕ್ಕೆ ಎಮರ್ಜೆನ್ಸಿ ಕೋಡ್ ಇದೆ. ಅದನ್ನು ಹಾಕಿ ಸ್ವಲ್ಪ ಕಾದರೆ, ಒಳಗಿನಿಂದ ಉತ್ತರ ಬಾರದಿದ್ದಲ್ಲಿ ಬೀಗ 5 ಸೆಕೆಂಡ್ ತಾನಾಗಿ ಬಿಡುತ್ತೆ. ಸರಿ, ಆ ಕೋಡನ್ನು ಅಪಹರಣಕಾರ ಹೆದರಿಸಿ ಪಡೆದಿದ್ದರೆ? ಅದಕ್ಕೂ ದಾರಿ ಇದೆ: ಒಳಗಿನವರು ಸ್ವಿಚ್ಚನ್ನು 'ಲಾಕ್'ಗೆ ತಳ್ಳಿದರೆ ಕೀಪ್ಯಾಡ್ 5 ನಿಮಿಷ ಕೆಲಸಕ್ಕೆ ಬರಲ್ಲ. ಅಂದರೆ ಕೊನೇ ಮಾತು ಯಾವತ್ತೂ ಒಳಗಿನವರದ್ದು.

2015ರ ಮಾರ್ಚ್ 24ರಂದು ಬಾರ್ಸಿಲೋನಾದಿಂದ ಡ್ಯೂಸೆಲ್‌ಡಾರ್ಫ್‌ಗೆ ಹೊರಟ ಜರ್ಮನ್‌ವಿಂಗ್ಸ್ 9525 ವಿಮಾನ 38,000 ಅಡಿ ತಲುಪಿದ ಮೇಲೆ ಕ್ಯಾಪ್ಟನ್ ಹೊರಗೆ ಹೋದರು. ಒಬ್ಬನೇ ಉಳಿದ ಸಹಪೈಲಟ್ ಆಟೋಪೈಲಟ್‌ನಲ್ಲಿ 100 ಅಡಿ ಎತ್ತರ ಸೆಟ್ ಮಾಡಿದ. ಹೊರಗಿನಿಂದ ಬಜರ್ ಒತ್ತಿದರು, ಇಂಟರ್‌ಕಾಮ್‌ನಲ್ಲಿ ಕರೆದರು, ಬಾಗಿಲು ಬಡಿದರು. ಸುಮಾರು 10 ನಿಮಿಷದಲ್ಲಿ ವಿಮಾನ ಫ್ರಾನ್ಸಿನ ಆಲ್ಪ್ಸ್ ಬೆಟ್ಟಕ್ಕೆ ಅಪ್ಪಳಿಸಿತು. 150 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಮೂರೇ ದಿನದಲ್ಲಿ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ 'ಕಾಕ್‌ಪಿಟ್‌ನಲ್ಲಿ ಸದಾ ಇಬ್ಬರಿರಲಿ' ಅಂತ ಶಿಫಾರಸು ಮಾಡಿತು. ಅಮೆರಿಕದಲ್ಲಿ ಈ ಪದ್ಧತಿ ಮೊದಲೇ ಇತ್ತು. ಒಬ್ಬ ಪೈಲಟ್ ಎದ್ದು ಹೋದರೆ ಕ್ಯಾಬಿನ್ ಸಿಬ್ಬಂದಿಯೊಬ್ಬರು ಒಳಗೆ ಬರಬೇಕು. ಅವರಿಗೆ ವಿಮಾನ ಹಾರಿಸೋಕೆ ಬರಬೇಕಿಲ್ಲ, ಬಾಗಿಲು ತೆಗೆಯೋಕೆ ಬಂದರೆ ಸಾಕು.

ಮೊದಲು ಓದಿದಾಗ ನನಗೂ ಇದೇ ಸರಿ ಅನ್ನಿಸಿತ್ತು. ಆದರೆ ಲೆಕ್ಕ ಹಾಕಿ ನೋಡಿ: ಪ್ರತಿ ಸಲ ಆಳು ಬದಲಾಗುವಾಗ ಬಾಗಿಲು ಹೆಚ್ಚು ಹೊತ್ತು ತೆರೆದಿರುತ್ತೆ, ಕಾಕ್‌ಪಿಟ್ ಒಳಗೆ ಬರಬಲ್ಲವರ ಸಂಖ್ಯೆ ಹೆಚ್ಚುತ್ತೆ. ಯಾವ ಅಪಾಯ ತಡೆಯೋಕೆ ಬಾಗಿಲು ಮಾಡಿದ್ದರೋ ಅದೇ ಮತ್ತೆ ಒಳಗೆ ಬಂತು! 2016ರಲ್ಲಿ ಆ ಸಂಸ್ಥೆ ನಿರ್ಧಾರವನ್ನು ಕಂಪನಿಗಳಿಗೇ ಬಿಟ್ಟಿತು. 2017ರಲ್ಲಿ ಜರ್ಮನ್‌ವಿಂಗ್ಸ್‌ನ ಮಾತೃಸಂಸ್ಥೆ ಲುಫ್ತಾನ್ಸಾನೇ ನಿಯಮ ಕೈಬಿಟ್ಟಿತು.

ಫ್ರಾನ್ಸಿನ ತನಿಖಾ ವರದಿಯೂ ಬೀಗ ಬದಲಿಸಿ ಅನ್ನಲಿಲ್ಲ. ಅದು ಬೆರಳು ತೋರಿಸಿದ್ದು ಬೇರೆ ಕಡೆ. ಸಹಪೈಲಟ್ ಹಲವು ವೈದ್ಯರನ್ನು ಕಂಡಿದ್ದ, ಕಾಯಿಲೆಯ ವಿಷಯ ಮಾತ್ರ ಕಂಪನಿಗೆ ತಲುಪಲೇ ಇಲ್ಲ. ಹೇಳಿದರೆ ಲೈಸೆನ್ಸ್ ಹೋಗುತ್ತೆ, ಸಂಬಳವೂ ಹೋಗುತ್ತೆ ಅನ್ನೋ ಭಯ ಇದ್ದಲ್ಲಿ ಪೈಲಟ್ ಯಾಕಾದರೂ ಬಾಯಿ ಬಿಡ್ತಾನೆ? ಹಾಗಾಗಿ ಪೈಲಟ್‌ಗಳು ತಮ್ಮದೇ ಸಹೋದ್ಯೋಗಿಗಳ ಹತ್ತಿರ ಹೇಳಿಕೊಳ್ಳುವ ವ್ಯವಸ್ಥೆ ಬೇಕು ಅಂತ ವರದಿ ಕೇಳಿತು. 2018ರಲ್ಲಿ ಯುರೋಪಿನಲ್ಲಿ ಅದು ನಿಯಮವೇ ಆಯಿತು.