ಕೆಟ್ಟ ನೆಲ, ಕೆಟ್ಟ ನೀರು: ಶುದ್ಧಿಯ ಹೊಣೆ ಯಾರದು?

ಉಪ್ಪು ತಿಂದವನು ನೀರು ಕುಡಿಯಬೇಕು ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಮಾಡಿದ ಕೆಲಸದ ಫಲವನ್ನು ಮಾಡಿದವನೇ ಉಣ್ಣಬೇಕೆಂಬ ನ್ಯಾಯವನ್ನು ಹಿರಿಯರು ಈ ನಾಲ್ಕು ಮಾತಿನಲ್ಲಿ ಅಡಗಿಸಿದ್ದಾರೆ. ಆದರೆ ಉಪ್ಪು ತಿಂದವನು ಒಬ್ಬನಾಗಿ, ನೀರು ಕಳೆದುಕೊಂಡವನು ಮತ್ತೊಬ್ಬನಾದರೆ? ತಿಂದವನು ಅಂಗಡಿ ಮುಚ್ಚಿ ಊರನ್ನೇ ಬಿಟ್ಟಿದ್ದರೆ? ಆಗ ಕೆಟ್ಟ ಬಾವಿಯನ್ನು ಶುದ್ಧಪಡಿಸಬೇಕಾದವರು ಯಾರು? ವೆಚ್ಚ ಯಾರ ಪಾಲಿಗೆ? ಕೈಗಾರಿಕೆಗಳು ಬೆಳೆದಂತೆಲ್ಲ ರಸಾಯನಶಾಸ್ತ್ರವೂ ನ್ಯಾಯಶಾಸ್ತ್ರವೂ ಒಟ್ಟಾಗಿ ಉತ್ತರಿಸಬೇಕಾದ ಪ್ರಶ್ನೆಯಿದು. ನಮ್ಮ ದೇಶದ ಒಂದು ಹಳ್ಳಿಯ ವೃತ್ತಾಂತವನ್ನು ಮುಂದಿಟ್ಟುಕೊಂಡು ಇದನ್ನು ವಿವೇಚಿಸೋಣ.

ಬಾವಿಯ ನೀರು ಕಪ್ಪಾದ ಬಗೆ

ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಬಿಛ್ರಿ ಎಂಬುದೊಂದು ಹಳ್ಳಿ. 1988ರಲ್ಲಿ ಅದರ ಸಮೀಪದ ಕೈಗಾರಿಕಾ ಆವರಣವೊಂದರಲ್ಲಿ ‘ಎಚ್ ಆಮ್ಲ’ದ ತಯಾರಿಕೆ ಮೊದಲಾಯಿತು. ನಾಫ್ತಲೀನಿನಿಂದ ಹಲವು ಹಂತಗಳಲ್ಲಿ ಸಿದ್ಧವಾಗುವ ಈ ಪದಾರ್ಥವು ಬಟ್ಟೆಗೆ ಹಾಕುವ ಬಣ್ಣಗಳನ್ನು ಮಾಡಲು ಬೇಕಾದುದು. ಸರಕು ವಿದೇಶಕ್ಕೆ ಹೋಯಿತು. ಕಸ ಹಳ್ಳಿಯ ಬಳಿಯೇ ಉಳಿಯಿತು. ತಯಾರಾದ ಎಚ್ ಆಮ್ಲ ಸುಮಾರು 375 ಟನ್. ಹಿಂದೆ ಉಳಿದ ಕೆಸರು ಸುಮಾರು 2,400 ಟನ್. ಅಂದರೆ ಒಂದು ಟನ್ ಸರಕಿಗೆ ಆರು ಟನ್ನಿಗೂ ಮೀರಿದ ಕೆಸರು! ಇದರೊಡನೆ 8,000 ಘನಮೀಟರುಗಳಿಗೂ ಹೆಚ್ಚು ಕೊಳೆನೀರು ಬೇರೆ.

ಹೀಗೆ ಬಿಟ್ಟ ವಿಷವು ಮಣ್ಣಿನೊಳಕ್ಕೆ ಇಳಿಯಿತು. ಬಾವಿಗಳ ನೀರು ಕಪ್ಪು ಬಣ್ಣಕ್ಕೆ ತಿರುಗಿತು. ಅದು ಮನುಷ್ಯರಿಗೂ ಬೇಡವಾಯಿತು, ದನಕರುಗಳಿಗೂ ಬೇಡವಾಯಿತು, ಪೈರಿಗೂ ಬೇಡವಾಯಿತು. ಹಳ್ಳಿಗರು ರೊಚ್ಚಿಗೆದ್ದರು. 1989ರಲ್ಲಿ ಎಚ್ ಆಮ್ಲದ ತಯಾರಿಕೆ ನಿಂತಿತು. ಅದೇ ವರ್ಷ ಪರಿಸರ ಸಂಸ್ಥೆಯೊಂದು ಸುಪ್ರೀಂ ಕೋರ್ಟಿನ ಮೊರೆಹೊಕ್ಕಿತು. ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿದಾಗ ಸುಮಾರು 350 ಹೆಕ್ಟೇರ್ ಭೂಮಿಯೂ 60 ಬಾವಿಗಳೂ ಕೆಟ್ಟಿದ್ದವೆಂದು ತಿಳಿದುಬಂದಿತು. ಕಾರಖಾನೆ ಕೆಲಸ ಮಾಡಿದ್ದು ಸುಮಾರು ಒಂದೇ ವರ್ಷ ಎಂಬುದನ್ನು ಮರೆಯಬಾರದು.

ಮಣ್ಣು ಹಿಡಿದ ವಿಷ

ಕಾರಖಾನೆ ಮುಚ್ಚಿದರೆ ವಿಷವೂ ತೀರಿತಲ್ಲವೆ ಎಂದು ವಾಚಕರು ಕೇಳಬಹುದು. ಹರಿಯುವ ನದಿಗೆ ಬಿದ್ದ ಕೊಳೆಯಲ್ಲಿ ಬಹುಪಾಲು ಪ್ರವಾಹದೊಡನೆ ಮುಂದೆ ಸಾಗುತ್ತದೆ. ನೆಲದೊಳಗಿನ ನೀರಿನ ಬಗೆ ಬೇರೆ. ಅದು ಮರಳು, ಜೇಡಿ ಮತ್ತು ಬಂಡೆಗಳ ಸಂದುಗಳಲ್ಲಿ ಬಹು ನಿಧಾನವಾಗಿ ಜಿನುಗುತ್ತದೆ. ಅನೇಕ ಕಡೆ ದಿನಕ್ಕೆ ಕೆಲವು ಸೆಂಟಿಮೀಟರುಗಳಷ್ಟೇ ಚಲಿಸುತ್ತದೆ. ನೀರಿನಲ್ಲಿ ಕರಗಿದ ವಿಷದ ಒಂದಂಶವು ಮಣ್ಣಿನ ಕಣಗಳಿಗೆ ಅಂಟಿ ಕುಳಿತುಬಿಡುತ್ತದೆ. ಕೊಳವೆಬಾವಿಯಿಂದ ಕೆಟ್ಟ ನೀರನ್ನೆಲ್ಲ ಎತ್ತಿ ಹೊರಹಾಕಿದರೆ ಕೆಲಕಾಲ ತಿಳಿನೀರು ಕಾಣಬಹುದು. ಪಂಪನ್ನು ನಿಲ್ಲಿಸಿದೊಡನೆ ಮಣ್ಣು ತಾನು ಹಿಡಿದಿಟ್ಟ ವಿಷವನ್ನು ಮತ್ತೆ ನೀರಿಗೆ ಬಿಡತೊಡಗುತ್ತದೆ. ಎಣ್ಣೆ ಹಿಡಿದ ಬಟ್ಟೆಯನ್ನು ಒಮ್ಮೆ ಜಾಲಿಸಿದ ಮಾತ್ರಕ್ಕೆ ಜಿಡ್ಡು ಹೋಗದಿರುವಂತೆ ಇದು.

ಆದುದರಿಂದ ಶುದ್ಧಿಯೆಂಬುದು ಒಂದು ದಿನದ ಕೆಲಸವಲ್ಲ. ಮೊದಲು ವಿಷದ ಮೂಲವನ್ನು, ಎಂದರೆ ಕೆಸರನ್ನೂ ಕೆಟ್ಟ ಮಣ್ಣನ್ನೂ ಅಗೆದು ತೆಗೆದು, ನೀರಿಳಿಯದ ಹಾಸುಳ್ಳ ಗುಂಡಿಗಳಲ್ಲಿ ಭದ್ರಪಡಿಸಬೇಕು. ತೆಗೆಯಲಾಗದ ಕಡೆ ಮಳೆನೀರು ಒಳಗಿಳಿಯದಂತೆ ಜೇಡಿಮಣ್ಣಿನ ದಪ್ಪ ಹೊದಿಕೆಯನ್ನು ಹಾಸಬೇಕು. ಅಂತರ್ಜಲವನ್ನು ಮೇಲೆತ್ತಿ, ವಿಷವನ್ನು ಹೀರಿಕೊಳ್ಳುವ ಇದ್ದಲಿನ ಮೂಲಕ ಹಾಯಿಸಿ ಶೋಧಿಸಬೇಕು. ಕೆಲವು ವಿಷಗಳನ್ನು ಬ್ಯಾಕ್ಟೀರಿಯಗಳಿಂದ ತಿನ್ನಿಸಿ ಅಳಿಸುವುದೂ ಸಾಧ್ಯ, ಎಲ್ಲವನ್ನೂ ಅಲ್ಲ. ಕೆಡಿಸಲು ಒಂದು ವರ್ಷ ಸಾಕಾದರೆ ಶುದ್ಧಪಡಿಸಲು ದಶಕಗಳೇ ಬೇಕಾಗಬಹುದು. ಕೆಡಿಸಿ ಗಳಿಸಿದ ಲಾಭಕ್ಕಿಂತ ಶುದ್ಧಿಯ ವೆಚ್ಚವೇ ದೊಡ್ಡದಾಗಬಹುದು. ಕಾನೂನಿನ ಕಗ್ಗಂಟೆಲ್ಲ ಹುಟ್ಟುವುದು ಇಲ್ಲಿಂದಲೇ.

ತಪ್ಪಿಲ್ಲದೆಯೂ ಹೊಣೆ

ತನ್ನ ಅಜಾಗರೂಕತೆಯಿಂದ ಪರರಿಗೆ ನಷ್ಟವಾದರೆ ಮಾತ್ರ ಪರಿಹಾರ ಕೊಡಬೇಕೆಂಬುದು ಸಾಮಾನ್ಯ ನಿಯಮ. ಆದರೆ ಕಾರಖಾನೆಯ ಒಳಗೆ ಏನು ನಡೆಯಿತೆಂಬುದನ್ನು ಹೊರಗಿನ ರೈತನು ಹೇಗೆ ತಾನೆ ರುಜುವಾತುಪಡಿಸಬಲ್ಲನು? ಈ ತೊಡಕಿಗೆ ಹಳೆಯ ಪರಿಹಾರವೊಂದು ಇಂಗ್ಲೆಂಡಿನಿಂದ ಬಂದಿತು. ಅಲ್ಲಿ ಗಿರಣಿಯ ಒಡೆಯನೊಬ್ಬನು ಗುತ್ತಿಗೆದಾರರಿಂದ ಕಟ್ಟಿಸಿದ ಕೆರೆಯ ನೀರು ಹಳೆಯ ಗಣಿಯ ಸುರಂಗಗಳ ಮೂಲಕ ನೆರೆಯವನ ಕಲ್ಲಿದ್ದಲ ಗಣಿಗೆ ನುಗ್ಗಿತು. ಗಿರಣಿಯ ಒಡೆಯನ ತಪ್ಪು ಏನೂ ಇರಲಿಲ್ಲ. ಆದರೂ ಅಪಾಯಕರವಾದುದನ್ನು ತನ್ನ ನೆಲಕ್ಕೆ ತಂದಿಟ್ಟುಕೊಂಡವನು ಅದು ತಪ್ಪಿಸಿಕೊಂಡು ಹೋದಾಗ ಆದ ಹಾನಿಗೆ ಹೊಣೆಗಾರನೆಂದು 1868ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿತು.

ಈ ನಿಯಮಕ್ಕೆ ದೈವಿಕ ವಿಪತ್ತು, ಮೂರನೆಯವರ ಕೃತ್ಯ ಮೊದಲಾದ ವಿನಾಯಿತಿಗಳಿದ್ದವು. 1985ರ ಡಿಸೆಂಬರಿನಲ್ಲಿ ದೆಹಲಿಯ ಕಾರಖಾನೆಯೊಂದರಿಂದ ಓಲಿಯಂ ಅನಿಲ ಸೋರಿತು. ಮುಂದಿನ ವರ್ಷ ಆ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು, ಅಪಾಯಕರವಾದ ಉದ್ಯಮವನ್ನು ನಡೆಸುವವರಿಗೆ ಈ ವಿನಾಯಿತಿಗಳೊಂದೂ ಸಲ್ಲವೆಂದು ಸಾರಿತು. 1996ರ ಫೆಬ್ರವರಿ 13ರಂದು ಬಿಛ್ರಿಯ ತೀರ್ಪಿನಲ್ಲಿ ಅದೇ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಕೆಡಿಸಿದವನು ನೊಂದವರಿಗೆ ಪರಿಹಾರ ಕೊಟ್ಟರೆ ಸಾಲದು. ಕೆಟ್ಟ ನೆಲವನ್ನೂ ನೀರನ್ನೂ ಮೊದಲಿನ ಸ್ಥಿತಿಗೆ ತರುವ ವೆಚ್ಚವನ್ನೂ ಅವನೇ ಭರಿಸಬೇಕು. ‘ಕೆಡಿಸಿದವನೇ ತೆರಬೇಕು’ ಎಂಬ ತತ್ತ್ವದ ತಿರುಳಿದು.

ಹೊಣೆಗಾರನನ್ನು ಹುಡುಕುವುದು

ಕೆಡಿಸಿದವನು ಯಾರೆಂಬುದೇ ಜಟಿಲವಾದರೆ? ಇದಕ್ಕೆ ಅಮೆರಿಕದ ನಯಾಗರ ಫಾಲ್ಸ್ ನಗರದ ಲವ್ ಕೆನಾಲ್ ಪ್ರಸಿದ್ಧ ನಿದರ್ಶನ. ಅರ್ಧಕ್ಕೆ ನಿಂತ ಹಳೆಯ ಕಾಲುವೆಯೊಂದರಲ್ಲಿ ರಾಸಾಯನಿಕ ಕಂಪನಿಯೊಂದು 1942ರಿಂದ ಸುಮಾರು 21,000 ಟನ್ ಕಸವನ್ನು ಹುಗಿಯಿತು. 1953ರಲ್ಲಿ ಆ ನೆಲವನ್ನು ಒಂದೇ ಡಾಲರಿಗೆ ನಗರದ ಶಾಲಾಮಂಡಳಿಗೆ ಮಾರಿ, ಮುಂದೆ ಏನಾದರೂ ತನಗೆ ಸಂಬಂಧವಿಲ್ಲವೆಂದು ಕ್ರಯಪತ್ರದಲ್ಲಿ ಬರೆಯಿಸಿಕೊಂಡಿತು. ಅಲ್ಲಿ ಶಾಲೆ ಎದ್ದಿತು, ಸುತ್ತ ಮನೆಗಳೆದ್ದವು. ಕಡೆಗೆ ವಿಷವು ನೆಲಮಾಳಿಗೆಗಳಿಗೆ ಒಸರಿತು. 1978ರಲ್ಲಿ ಸರ್ಕಾರ ತುರ್ತುಸ್ಥಿತಿಯನ್ನು ಘೋಷಿಸಿ ಜನರನ್ನು ಸ್ಥಳಾಂತರಿಸಬೇಕಾಯಿತು.

ಇದರ ಪಾಠದಿಂದ 1980ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ‘ಸೂಪರ್‌ಫಂಡ್’ ಎಂಬ ಶಾಸನ ಬಂದಿತು. ಈಗಿನ ಒಡೆಯ, ಕಸ ಹಾಕಿದ ಕಾಲದ ಒಡೆಯ, ಕಸವನ್ನು ಕಳುಹಿಸಿದವನು, ಸ್ಥಳವನ್ನು ಆರಿಸಿ ಅಲ್ಲಿಗೆ ಸಾಗಿಸಿದವನು ಎಂಬ ನಾಲ್ವರೂ ಇದರಂತೆ ಹೊಣೆಗಾರರು. ಕಸ ಹಾಕಿದ್ದು ಶಾಸನಕ್ಕೆ ಮೊದಲೇ ಆದರೂ ಬಿಡುಗಡೆಯಿಲ್ಲ. ಕೆಡುಕನ್ನು ಪಾಲುಮಾಡಿ ತೋರಿಸಲಾಗದಿದ್ದರೆ ಒಬ್ಬನಿಂದಲೇ ಪೂರ್ತಿ ವೆಚ್ಚವನ್ನು ವಸೂಲು ಮಾಡಬಹುದು. ಉಳಿದವರ ಪಾಲನ್ನು ಅವನು ಅವರಿಂದ ಕೇಳಿ ಪಡೆಯಬೇಕು. ಇದು ಕಠೋರವೆಂದು ತೋರಬಹುದು. ಆದುದರಿಂದಲೇ, ಕೊಳ್ಳುವಾಗ ತಕ್ಕ ವಿಚಾರಣೆ ಮಾಡಿಯೂ ವಿಷವಿರುವುದನ್ನು ತಿಳಿಯದೆಹೋದ ಮುಗ್ಧ ಖರೀದಿದಾರನಿಗೆ ರಕ್ಷಣೆಯುಂಟು. ಆದರೆ ಈ ಕಠೋರತೆಯನ್ನು ಬಿಟ್ಟರೆ ಹೊರೆ ಬೀಳುವುದು ಬಾವಿಯ ಒಡೆಯನ ಮೇಲೆ ಎಂಬುದನ್ನು ಆಲೋಚಿಸಬೇಕು. ಲವ್ ಕೆನಾಲ್ ಕಂಪನಿಯ ಉತ್ತರಾಧಿಕಾರಿಯಾದ ಸಂಸ್ಥೆ 1995ರಲ್ಲಿ ಅಮೆರಿಕ ಸರ್ಕಾರಕ್ಕೆ 12 ಕೋಟಿ 90 ಲಕ್ಷ ಡಾಲರುಗಳನ್ನು ತೆರಲು ಒಪ್ಪಿತು. ಒಂದು ಡಾಲರಿನ ಕ್ರಯಪತ್ರ ಅದನ್ನು ಕಾಪಾಡಲಿಲ್ಲ.

ತೀರ್ಪು ಬೇರೆ, ತಿಳಿನೀರು ಬೇರೆ

ಮತ್ತೆ ಬಿಛ್ರಿಗೆ ಬರೋಣ. ಶುದ್ಧಿಯ ವೆಚ್ಚ 37 ಕೋಟಿ 38.5 ಲಕ್ಷ ರೂಪಾಯಿಗಳೆಂದು ಗೊತ್ತಾಯಿತು. 1997ರ ನವೆಂಬರಿನಲ್ಲಿ ಅದನ್ನು ಕಟ್ಟಲು ಆಜ್ಞೆಯಾಯಿತು. ಹಣ ಬರಲಿಲ್ಲ, ಅರ್ಜಿಯ ಮೇಲೆ ಅರ್ಜಿ ಬಂದವು. 2011ರ ಜುಲೈಯಲ್ಲಿ ನ್ಯಾಯಾಲಯವು ಅರ್ಜಿಗಳನ್ನು ತಳ್ಳಿಹಾಕಿ, ಮೊತ್ತವನ್ನು ಶೇಕಡ 12ರ ಚಕ್ರಬಡ್ಡಿಯೊಡನೆ ಕಟ್ಟಬೇಕೆಂದು ವಿಧಿಸಿತು. ಈ ದರದಲ್ಲಿ ಸಾಲವು ಆರು ವರ್ಷಕ್ಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹದಿಮೂರೂವರೆ ವರ್ಷಗಳಲ್ಲಿ ನಾಲ್ಕೂವರೆ ಪಟ್ಟನ್ನು ಮೀರುತ್ತದೆ. ತಡಮಾಡುವುದು ಲಾಭದ ವ್ಯಾಪಾರವಾಗಬಾರದೆಂಬುದೇ ಇದರ ಆಶಯ. ಆದರೆ ಆ ವರ್ಷಗಳಲ್ಲಿ ಹಳ್ಳಿಯ ನೆಲದೊಳಗೆ ವಿಷವೂ ಸುಮ್ಮನೆ ಕುಳಿತಿರಲಿಲ್ಲ. ಹಣಕ್ಕೆ ಬಡ್ಡಿ ಕಟ್ಟಿಸಬಹುದು. ಬಾವಿಯನ್ನು ನಂಬಿದವರು ಕಳೆದುಕೊಂಡ ಬೆಳೆಗೂ ವರ್ಷಗಳಿಗೂ ಬಡ್ಡಿ ಕಟ್ಟಿಸುವವರಾರು?

2025ರ ಜುಲೈಯಲ್ಲಿ ಕೇಂದ್ರ ಸರ್ಕಾರ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿತು. ಶಂಕಿತ ಸ್ಥಳಗಳನ್ನು ಪಟ್ಟಿಮಾಡಿ, ಪರೀಕ್ಷಿಸಿ, ಹೊಣೆಗಾರರನ್ನು ಗುರುತಿಸಿ, ವೆಚ್ಚವನ್ನು ಅವರಿಂದ ಪಡೆಯುವ ಕ್ರಮ ಅವುಗಳಲ್ಲಿದೆ. ಹೊಣೆಗಾರರು ಸಿಗದಿದ್ದರೆ ಹೊರೆ ಸರ್ಕಾರಗಳದು, ಎಂದರೆ ನಮ್ಮೆಲ್ಲರದು. ನಿಯಮಗಳ ಬೆಲೆ ತಿಳಿಯುವುದು ಅವುಗಳ ವೇಗದಿಂದ. ಕಾರಖಾನೆ ಕಟ್ಟುವ ಮೊದಲೇ ಅದರ ಕಸದ ಲೆಕ್ಕವನ್ನು ಕೇಳುವ ಊರಿಗೆ ಇಂಥ ತೀರ್ಪುಗಳ ಅಗತ್ಯ ಬೀಳುವುದು ಕಡಿಮೆ. ಉಪ್ಪು ತಿಂದವನನ್ನು ಹುಡುಕಿ ತರುವುದು ನ್ಯಾಯಾಲಯದ ಕೆಲಸ. ಬಾವಿಯ ಬಳಿ ಉಪ್ಪಿನ ಮೂಟೆ ಇಳಿಯುವಾಗಲೇ ‘ಇದೇನು?’ ಎಂದು ಕೇಳುವುದು ನಮ್ಮ ಕೆಲಸ.